ಅರಗು ಒಡೆದವನು

"ಇದನ್ನ ಮಾಡಿದ ಮಹಾನುಭಾವ ಯಾರು?"

ಬಾಗಿಲು ತಟ್ಟಲಿಲ್ಲ, ನಮಸ್ಕಾರ ಹೇಳಲಿಲ್ಲ. ವರ್ಕ್‌ಶಾಪಿನ ಒಳಗೆ ನುಗ್ಗಿದವನೇ ಕೈಯಲ್ಲಿದ್ದ ಪ್ಲಾಸ್ಟಿಕ್ ಹಲಗೆಯನ್ನು ಅವಳ ಮೇಜಿನ ಮೇಲೆ ಧಪ್ಪೆಂದು ಇಟ್ಟ. ಇಟ್ಟ ಅಂತ ಮರ್ಯಾದೆಗೆ ಹೇಳಿದೆ, ಎಸೆದ ಅನ್ನುವುದೇ ಸರಿ!

ಹಲಗೆಯ ತುಂಬ ಆರು ಮೂಲೆಯ ಪುಟ್ಟ ಪುಟ್ಟ ಕಣಗಳು. ಆ ಕಣಗಳಿಂದ ಜೇನುತುಪ್ಪ ತೊಟ್ಟಿಕ್ಕಿ, ಮೇಜಿನ ಮೇಲೆ ಹರಡಿದ್ದ ನಕ್ಷೆಗಳ ಮೇಲೆ ಹರಿಯತೊಡಗಿತು. ಮೂರು ವಾರ ಕಣ್ಣು ಕಿರಿದು ಮಾಡಿಕೊಂಡು ಎಳೆದ ಗೆರೆಗಳು... ಎಲ್ಲ ಅಂಟಂಟು!

ಮೇಜಿನ ಆಚೆ ಕೂತಿದ್ದವಳು ನಿಧಾನವಾಗಿ ಎದ್ದು ನಿಂತಳು.

"ಮಹಾನುಭಾವ ಅಲ್ಲ, ಮಹಾನುಭಾವೆ. ನಾನೇ ಮಾಡಿದ್ದು. ಏನೀಗ?"

ಅವನು ಒಂದು ಕ್ಷಣ ತಬ್ಬಿಬ್ಬಾದ. "ನೀವಾ?"

"ಯಾಕೆ? ಮೀಸೆ ಇದ್ದಿದ್ರೆ ನಂಬ್ತಿದ್ರಾ?"

ಯಂತ್ರದ ಹತ್ತಿರ ನಿಂತಿದ್ದ ಅವಳ ಸೋದರಮಾವ ಸುಮ್ಮನೆ ಕೆಮ್ಮಿದರು. ವರ್ಕ್‌ಶಾಪ್ ಅವರದು. ಬಕೆಟ್ ಹಿಡಿ, ಸೋಪಿನ ಡಬ್ಬಿ, ಬಾಟಲಿ ಮುಚ್ಚಳ, ಇವಕ್ಕೆಲ್ಲ ಉಕ್ಕಿನ ಅಚ್ಚು ಕೊರೆಯುವುದು ಅಲ್ಲಿನ ಕಸುಬು. ತಂಗಿಯ ಮಗಳ ಕೈಯಲ್ಲಿ ಸದಾ ಕೊರೆಯುವ ಸೂಜಿ, ನಾಲಿಗೆಯೂ ಅದೇ ಜಾತಿಯದು. ಹಾಗಾಗಿ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ಸೂಜಿ ಅಂತಲೇ ಹೆಸರು.

"ಸೂಜಿ, ಸ್ವಲ್ಪ ತಡಿಯಮ್ಮ. ಇವರು ಬೆಟ್ಟದ ಬುಡದ ಜೇನಿನವರು. ನಾಲ್ಕು ಎರಿ ಹಾಕಿ ನೋಡಿ ಹೇಳಿ ಅಂತ ನಾನೇ ಕಳಿಸಿದ್ದೆ."

ಎರಿ ಅಂದರೆ ಜೇನುಹುಳುಗಳು ಮೇಣದಿಂದ ಕಟ್ಟುವ ರೊಟ್ಟಿ. ಒಂದು ಎರಿ ಕಟ್ಟಲು ಪಾಪ, ಹುಳುಗಳು ಎಷ್ಟೋ ದಿನ ಮೈ ಮುರಿದು ದುಡಿಯಬೇಕು. ಆ ದುಡಿತ ಉಳಿಸೋಣ ಅಂತ ಸೂಜಿ ಎರಡು ವರ್ಷ ತಲೆ ಕೆಡಿಸಿಕೊಂಡು, ಕಟ್ಟಿ ಮುಗಿಸಿದ ಎರಿಯಂಥದೇ ಒಂದು ಕೃತಕ ಎರಿ ಮಾಡಿದ್ದಳು. ಮರದ ಚೌಕಟ್ಟಿಗೆ ತೂರಿಸಿ ಪೆಟ್ಟಿಗೆಯಲ್ಲಿ ಇಳಿಬಿಟ್ಟರೆ ಸಾಕು, ಹುಳುಗಳು ನೇರವಾಗಿ ಸಂಸಾರ ಹೂಡಬಹುದು.

"ನೋಡಿ ಹೇಳೋಕೇ ಬಂದಿದೀನಿ," ಎಂದ ಜೇನಿನವನು. "ನಾಲ್ಕರಲ್ಲಿ ಮೂರು ಸೋರ್ತಿವೆ. ಒಂದು ಹನಿ ನಿಲ್ಲಲ್ಲ. ಎಲ್ಲಾ ಪೆಟ್ಟಿಗೆ ತಳಕ್ಕೆ, ಅಲ್ಲಿಂದ ಇರುವೆ ಸಾಲು. ರಾಣಿ ಒಂದು ಮೊಟ್ಟೆ ಇಡ್ಲಿಲ್ಲ. ನಿನ್ನೆ ಇಡೀ ಜೇನುಕುಟುಂಬವೇ ಪೆಟ್ಟಿಗೆ ಬಿಟ್ಟು ಹಾರಿಹೋಯ್ತು. ಐದು ವರ್ಷದಿಂದ ಸಾಕಿದ ಕುಟುಂಬ ರೀ ಅದು!"

ಕೊನೆಯ ಮಾತಿಗೆ ಅವನು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ. ಸೂಜಿ ಅದನ್ನು ಗಮನಿಸಿದಳು. ಆದರೆ ಸಿಟ್ಟಿನಲ್ಲಿದ್ದಾಗ ಗಮನಿಸಿದ್ದನ್ನೆಲ್ಲ ಒಪ್ಪಿಕೊಳ್ಳಲು ಯಾರಿಗೆ ಮನಸ್ಸಾಗುತ್ತದೆ?

"ಸರಿಯಾಗಿ ಹಾಕಿದ್ರಾ?"

"ಹದಿನೈದು ವರ್ಷದಿಂದ ಜೇನು ಸಾಕ್ತಿರೋನು ನಾನು. ಮೀನಿಗೆ ಈಜು ಕಲಿಸೋಕೆ ಬರ್ತೀರಾ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!"

"ಗುರುವಾರ ಜೇನು ಸಾಕೋರ ಸಂಘದ ಸಭೆ ಇದೆ. ಈ ಎರಿ ಯಾರೂ ಮುಟ್ಟಬೇಡಿ ಅಂತ ಅಲ್ಲೇ ಹೇಳ್ತೀನಿ."

"ನಾನೂ ಬರ್ತೀನಿ. ಹೇಳಿ ನೋಡೋಣ!"

ಅವನು ಬಂದ ಹಾಗೇ ಹೋದ. ನಕ್ಷೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಕೂತವಳ ಹತ್ತಿರ ಮಾವ ಬಂದು ಸ್ಟೂಲ್ ಎಳೆದುಕೊಂಡರು.

"ನೋಡಮ್ಮ, ಎರಡು ವರ್ಷ ನಿನ್ನ ಹಠಕ್ಕೆ ಬಿಟ್ಟೆ. ಸಂಘ ಬೇಡ ಅಂದ್ರೆ ಅಲ್ಲಿಗೆ ಮುಗೀತು. ಒಂದು ತಪ್ಪು ಕಂಡ್ರೂ ಸಾಕು, ಆ ಅಚ್ಚು ಗುಜರಿಗೆ. ನೀನು ವಾಪಸ್ ಬಕೆಟ್ ಹಿಡಿಗೆ."

ಬಕೆಟ್ ಹಿಡಿ! ಎರಡು ಸಾವಿರಕ್ಕೂ ಹೆಚ್ಚು ಕಣಗಳನ್ನು ಒಂದೊಂದಾಗಿ ಕೊರೆದ ಅಚ್ಚು. ಅದರಲ್ಲಿ ಅವಳ ಕಣ್ಣಿತ್ತು, ಬೆರಳಿತ್ತು, ನಿದ್ದೆಯಿತ್ತು. ಯಾವನೋ ಬಂದು ಕೂಗಾಡಿದ ಅಂತ ಗುಜರಿಗೆ ಹಾಕಬೇಕಾ?

*ಬಿಡಲ್ಲ... ಅವನನ್ನಂತೂ ಬಿಡಲ್ಲ!*

*

ಸಂಘದ ಅಧ್ಯಕ್ಷೆಗೆ ಎಪ್ಪತ್ತು ದಾಟಿತ್ತು. ಹಿಂದೆ ಶಾಲೆಯಲ್ಲಿ ಗಣಿತ ಕಲಿಸಿದವರು. ಊರಿನ ಅರ್ಧ ಜನ ಅವರ ಹತ್ತಿರ ಕಿವಿ ಹಿಂಡಿಸಿಕೊಂಡವರೇ ಆದ್ದರಿಂದ ಈಗಲೂ ಎಲ್ಲರಿಗೂ ಅವರು ಟೀಚರಮ್ಮ.

"ಹುಳುಗಳು ಕಟ್ಟೋ ಕಣ ನೆಟ್ಟಗೆ ಇರಲ್ಲ," ಸೂಜಿ ಎರಿಯನ್ನು ಎತ್ತಿ ಹಿಡಿದು ಹೇಳಿದಳು. "ಬಾಯಿ ಕಡೆ ಚೂರು ಮೇಲಕ್ಕೆ ಓರೆ ಇರತ್ತೆ. ಅದಕ್ಕೇ ನೀರಿನಂಥ ಮಕರಂದ ಹೊರಗೆ ಚೆಲ್ಲಲ್ಲ. ನಾನೂ ಅದೇ ಓರೆ ಕೊಟ್ಟಿದೀನಿ. ಇದು ಸೋರೋಕೆ ಸಾಧ್ಯನೇ ಇಲ್ಲ."

"ಸೋರ್ತು," ಎಂದ ಜೇನಿನವನು.

"ಇಲ್ಲ."

"ಸೋರ್ತು ಅಂದ್ನಲ್ಲ!"

"ಇಲ್ಲ ಅಂದ್ನಲ್ಲ!"

ಟೀಚರಮ್ಮ ಮೇಜು ಕುಟ್ಟಿದರು. "ಥೂ, ಒಂದನೇ ಕ್ಲಾಸಿನ ಮಕ್ಕಳೇ ವಾಸಿ! ಪರೀಕ್ಷೆ ಮಾಡೋಣ. ಎರಡು ಪೆಟ್ಟಿಗೆ, ಒಂದೊಂದರಲ್ಲಿ ನಾಲ್ಕು ಎರಿ. ಇವನು ಪೆಟ್ಟಿಗೆ ಇಟ್ಟಿರೋ ತೋಟ, ಹುಳು ಇವನದು. ಎರಿ ಹಾಕೋಳು ಇವಳೇ. ಮೊಟ್ಟೆ ಇಟ್ಟು ಹೊಸ ಹುಳು ಹೊರಬರೋಕೆ ಮೂರು ವಾರ, ಹೊಂದ್ಕೊಳ್ಳೋಕೆ ಒಂದು ವಾರ. ನಾಲ್ಕು ವಾರ ಮುಚ್ಚಳದ ಮೇಲೆ ಅರಗಿನ ಮುದ್ರೆ ಇರತ್ತೆ. ಯಾರೂ ತೆಗೆಯೋ ಹಾಗಿಲ್ಲ. ತೆಗೆದೋರ ಹೆಸರು ಸಂಘದ ಪುಸ್ತಕದಿಂದ ಹೊಡೆದು ಹಾಕ್ತೀನಿ."

ಬೆಟ್ಟದ ಬುಡದ ಆ ತೋಟ ಸಂಘದ್ದು. ಪುಸ್ತಕದಲ್ಲಿ ಹೆಸರಿಲ್ಲದವನು ಅಲ್ಲಿ ಒಂದು ಪೆಟ್ಟಿಗೆಯನ್ನೂ ಇಡುವಂತಿರಲಿಲ್ಲ. ಜೇನಿನವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಒಪ್ಪಿದ.

ಎರಿ ಹಾಕುವ ದಿನ ಮೊದಲ ಪೆಟ್ಟಿಗೆ ತಣ್ಣಗೆ ಮುಗಿಯಿತು. ಅವನು ಹೊಗೆ ಹಾಕಿ ಹುಳುಗಳನ್ನು ಸುಮ್ಮನಾಗಿಸಿದ. ಅವಳು ಎರಿಯನ್ನು ಚೌಕಟ್ಟಿಗೆ ತೂರಿಸಿ, ಯಾರೂ ಬದಲಾಯಿಸಬಾರದು ಅಂತ ಮರಕ್ಕೂ ಪ್ಲಾಸ್ಟಿಕ್ಕಿಗೂ ಸೇರಿಸಿ ಅಳಿಸದ ಶಾಯಿಯಲ್ಲಿ ಸಹಿ ಹಾಕಿದಳು. ಅರ್ಧ ಸಹಿ ಮರದ ಮೇಲೆ, ಅರ್ಧ ಎರಿಯ ಮೇಲೆ. ಎಂಥಾ ಬುದ್ಧಿ!

ಎರಡನೇ ಪೆಟ್ಟಿಗೆಯಲ್ಲಿ ಎರಡು ಎರಿ ಇಳಿದಿದ್ದವು, ಅಷ್ಟರಲ್ಲಿ ಅವನು ಬಾಯಿ ಬಿಟ್ಟ.

"ಇದು ನನ್ನ ಹತ್ರ ಇರೋದರಲ್ಲೇ ಸಾಧು ಕುಟುಂಬ. ಇದೂ ಹಾರಿಹೋದ್ರೆ..."

"ಹೋಗಲ್ಲ."

"ನಿಮಗೇನು ಬಿಡಿ. ಸೋಪಿನ ಡಬ್ಬಿ ಮಾಡೋರಿಗೆ ಹುಳುಗಳ ಜೀವದ ಬೆಲೆ ಎಲ್ಲಿ ಗೊತ್ತಾಗ್ಬೇಕು?"

ಸೋಪಿನ ಡಬ್ಬಿ?! ಸೂಜಿಯ ಕಿವಿ ಕೆಂಪಾಯಿತು. "ಸೋಪಿನ ಡಬ್ಬಿ ಮಾಡೋಳಿಗೆ ನಿಮಗಿಂತ ಜಾಸ್ತಿ ಗೊತ್ತು ಸ್ವಾಮಿ! ನಿಮ್ಮ ಹುಳು ಮೇಣ ಕಟ್ಟಿ ಕಟ್ಟಿ ಸಾಯೋದು ನೋಡಕ್ಕಾಗ್ದೇ ತಾನೇ ನಾನು ಇದನ್ನ ಮಾಡಿದ್ದು? ನೀವು ಅವುಗಳ ಯಜಮಾನ, ನಿಮಗೆ ಯಾಕೆ ಹೊಳೀಲಿಲ್ಲ?"

ಬೈಯುತ್ತಲೇ ಉಳಿದೆರಡು ಎರಿ ತೂರಿಸಿದಳು, ಸಹಿ ಗೀಚಿದಳು, ಮುಚ್ಚಳ ಬಡಿದಳು. ಕೆಂಪು ಅರಗು ಕರಗಿಸಿ ಮುದ್ರೆ ಒತ್ತಿದಳು. ಅಷ್ಟೂ ಹೊತ್ತು ಅವಳ ಕಣ್ಣು ಅವನ ಮುಖದ ಮೇಲಿತ್ತೇ ಹೊರತು ಕೈಯ ಮೇಲಿರಲಿಲ್ಲ.

*

ಸಂಜೆ ಕೆಲಸ ಮುಗಿದ ಕೂಡಲೇ ಅವಳು ಸೈಕಲ್ ಹತ್ತಿ ತೋಟಕ್ಕೆ ಬರುತ್ತಿದ್ದಳು. ಪೆಟ್ಟಿಗೆ ತೆರೆಯುವಂತಿಲ್ಲ ನಿಜ, ನೋಡಬಾರದು ಅಂತ ಯಾರೂ ಹೇಳಿಲ್ಲವಲ್ಲ! ಬಾಗಿಲಲ್ಲಿ ಎಷ್ಟು ಹುಳು ಹೋಗುತ್ತವೆ, ಎಷ್ಟು ಬರುತ್ತವೆ, ಕಾಲಿಗೆ ಪರಾಗ ಮೆತ್ತಿಕೊಂಡಿವೆಯಾ ಅಂತ ಎಣಿಸುತ್ತಾ ಕೂರುತ್ತಿದ್ದಳು. ಮೊದಲ ದಿನ ಕಲ್ಲಿನ ಮೇಲೆ ಕೂತಳು. ಎರಡನೇ ದಿನ ಅಲ್ಲೊಂದು ಸ್ಟೂಲ್ ಇತ್ತು. ಮೂರನೇ ದಿನ ಸ್ಟೂಲಿನ ಪಕ್ಕ ಒಂದು ತಂಬಿಗೆ ನೀರು. ಯಾರು ಇಟ್ಟರು ಅಂತ ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾಲ್ಕನೇ ಸಂಜೆ ಅವನು ಅವಳಿಗಾಗಿ ಕಾಯುತ್ತಾ ನಿಂತಿದ್ದ. ಏನೋ ಒಂಥರಾ ಇದ್ದ.

"ಸೂಜಿಯವ್ರೇ... ನಿಮ್ಮ ಹತ್ರ ಒಂದು ವಿಷಯ..."

"ಅಯ್ಯಮ್ಮಾ!"

ಮಣಿಕಟ್ಟಿಗೆ ಹುಳು ಕುಟುಕಿತ್ತು. ಅವಳು ಮುಳ್ಳನ್ನು ಚಿವುಟಿ ತೆಗೆಯಲು ಹೋದಾಗ ಅವನು ಗಬಕ್ಕನೆ ಕೈ ಹಿಡಿದ. "ಚಿವುಟಬೇಡಿ! ಚಿವುಟಿದ್ರೆ ವಿಷ ಎಲ್ಲಾ ಒಳಗೆ ಹೋಗತ್ತೆ. ಕೆರೆದು ತೆಗೀಬೇಕು."

ಉಗುರಿನ ತುದಿಯಿಂದ ಅಡ್ಡಡ್ಡ ಕೆರೆದು ಮುಳ್ಳು ತೆಗೆದ. ಆಮೇಲೆ, ಯಾಕೆ ಅಂತ ಇಬ್ಬರಿಗೂ ಗೊತ್ತಿಲ್ಲ, ಕೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಮೇಜಿನ ಮೇಲೆ ಎರಿ ಎಸೆದ ಕೈ ಇದೇನಾ? ಇಷ್ಟು ಹಗುರ?

"ನೀವು ಆವತ್ತು ಆ ಥರ ಕೂಗಾಡಿದ್ರಲ್ಲ," ಅವಳು ಮಣಿಕಟ್ಟು ಉಜ್ಜುತ್ತಾ ಹೇಳಿದಳು, "ನಿಮಗೊಂದು ಮಾತು ಗೊತ್ತಿಲ್ಲ. ಈ ಪರೀಕ್ಷೇಲಿ ಒಂದೇ ಒಂದು ತಪ್ಪು ಕಂಡ್ರೂ ಮಾವ ನನ್ನ ಅಚ್ಚು ಗುಜರಿಗೆ ಹಾಕ್ತಾರೆ. ಎರಡು ವರ್ಷದ ಕೆಲಸ. ಅದಕ್ಕೇ ನನಗೆ ಅಷ್ಟು ರೇಗಿದ್ದು." ಹೇಳಿದ ಮೇಲೆ ಅವಳಿಗೇ ಆಶ್ಚರ್ಯ. ಇದನ್ನೆಲ್ಲ ಇವನಿಗೆ ಯಾಕೆ ಹೇಳಿದೆ? "ಹೂಂ, ನೀವೇನೋ ಹೇಳ್ತಿದ್ರಿ?"

ಅವನು ಪೆಟ್ಟಿಗೆಗಳ ಕಡೆ ನೋಡಿದ.

"ಏನಿಲ್ಲ ಬಿಡಿ."

ಆ ಮೇಲಿನ ಸಂಜೆಗಳನ್ನು ಹೇಗೆ ಹೇಳಲಿ? ಹಾರಿಹೋದ ಕುಟುಂಬದ ಕಥೆ ಅವನು ಹೇಳಿದ. ಒಂದು ಮುರಿದ ಗೋಡೆಯ ಸಂದಿಯಿಂದ ಆ ಹುಳುಗಳನ್ನು ಅಂಗಿಯಲ್ಲಿ ಕಟ್ಟಿ ತಂದಿದ್ದನಂತೆ, ಹದಿನೇಳು ಕಡೆ ಕುಟುಕಿಸಿಕೊಂಡು. ಪೆಟ್ಟಿಗೆಗೆ ಕಿವಿ ಇಟ್ಟು ಒಳಗಿನ ಸದ್ದು ಕೇಳುವುದನ್ನು ತೋರಿಸಿಕೊಟ್ಟ. ಅವಳು ಒಂದು ಕಡೆ ಕಿವಿ ಇಟ್ಟಳು, ಅವನು ಇನ್ನೊಂದು ಕಡೆ. ನಡುವೆ ಸಾವಿರಾರು ಹುಳುಗಳ ಗುಂಯ್ ಸದ್ದು. ಅವಳ ಎದೆಬಡಿತ ಅದರಲ್ಲಿ ಮುಚ್ಚಿಹೋಗಿದ್ದು ಒಳ್ಳೆಯದೇ ಆಯಿತು.

*ಇವನ ಮೇಲೆ ನನಗೆ ಸಿಟ್ಟಿರಬೇಕಿತ್ತಲ್ಲ? ಎಲ್ಲಿ ಹೋಯ್ತು ಅದು?*

ಎಲ್ಲೂ ಹೋಗಿರಲಿಲ್ಲ. ಹನ್ನೆರಡನೇ ದಿನ ವಾಪಸ್ ಬಂತು, ಬಡ್ಡಿ ಸಮೇತ!

*

ಅಂದು ಭಾನುವಾರ. ಅವಳು ಮಧ್ಯಾಹ್ನವೇ ಬಂದಿದ್ದಳು. ಸುಡು ಬಿಸಿಲು. ಎರಡನೇ ಪೆಟ್ಟಿಗೆಯ ಮುದ್ರೆ ಜಾರಿ ಓರೆಯಾಗಿತ್ತು. ಅರಗು ಬಿಸಿಲಿಗೆಲ್ಲ ಹಾಗೆ ಜಾರುತ್ತದಾ? ಬೆರಳಿಂದ ಮುಟ್ಟಿದಳು. ಕೆಂಪು ಅರಗು ತುಂಡಾಗಿ ಕೈಗೆ ಬಂತು. ಅದರ ಅಡಿಯಲ್ಲಿ ಹಳದಿ ಬಣ್ಣದ ಮೆತ್ತನೆ ಜೇನುಮೇಣ!

ಅರಗಿನ ತುಂಡನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು.

ಒಡೆದಿದ್ದಾನೆ. ಒಡೆದದ್ದಷ್ಟೇ ಅಲ್ಲ, ಯಾರಿಗೂ ಗೊತ್ತಾಗಬಾರದು ಅಂತ ಮತ್ತೆ ಅಂಟಿಸಿದ್ದಾನೆ. ಸ್ಟೂಲ್ ಇಟ್ಟದ್ದು, ನೀರು ಇಟ್ಟದ್ದು, ಕೈ ಹಿಡಿದದ್ದು... ಎಲ್ಲ ಇದಕ್ಕಾ?

"ಇದೇನಿದು?" ಹೊಗೆ ಡಬ್ಬಿ ಹಿಡಿದು ಬಂದವನ ಮುಖದ ಮುಂದೆ ಅರಗಿನ ತುಂಡು ಹಿಡಿದಳು. "ನೀವು ತೆಗೆದ್ರಾ?"

ಅವನ ಮುಖದ ಬಣ್ಣ ಇಳಿಯಿತು. "ತೆಗೆದೆ."

"ಯಾಕೆ?"

ಅವನು ಬಗ್ಗಿ ಹೊಗೆ ಡಬ್ಬಿಯನ್ನು ನೆಲಕ್ಕಿಟ್ಟ.

"ಯಾಕೆ ಅಂತ ಕೇಳ್ದೆ!"

"ನಾಲ್ಕು ವಾರ ಮುಗೀಲಿ. ಆಮೇಲೆ ನಿಮಗೆ ಮಾತ್ರ ಹೇಳ್ತೀನಿ. ಈಗ ಕೇಳಬೇಡಿ."

"ನಾನೇ ಹೇಳ್ತೀನಿ ಕೇಳಿ. ನೀವು ಸಭೇಲಿ ಆಡಿದ ಮಾತು ಸುಳ್ಳಾಗಬಾರ್ದಲ್ಲ? ಅದಕ್ಕೆ ನನ್ನ ಎರಿ ಹಾಳು ಮಾಡಿದ್ರಿ. ಕುಟುಂಬ ಕುಟುಂಬ ಅಂತ ಕಣ್ಣೀರು ಬೇರೆ! ನಾನೊಬ್ಬಳು ಪೆದ್ದಿ, ನಂಬಿದೆ! ಎದುರಿಗೆ ಬೈಯೋನು ಮೋಸ ಮಾಡಲ್ಲ ಅಂದ್ಕೊಂಡಿದ್ದೆ. ನೀವು ಎರಡೂ ಮಾಡ್ತೀರ!"

ಅವನ ತುಟಿ ಅಲುಗಿತು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೂ ಅವಳು ನಿಲ್ಲುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಮಾತಿಗಾಗಿಯೇ ನಿಂತಿದ್ದಳು. ಅವನು ಆಡಲಿಲ್ಲ. ಅವಳು ಸೈಕಲ್ ಹತ್ತಿ ನೇರವಾಗಿ ಟೀಚರಮ್ಮನ ಮನೆಗೆ ಹೋದಳು.

ಟೀಚರಮ್ಮ ಅವನನ್ನು ಕರೆಸಿದರು. "ಒಡೆದಿದ್ದು ನೀನೇನಾ?" "ಹೌದು." "ಕಾರಣ?" ಹೇಳಲ್ಲ ಅಂತ ಅವನು ತಲೆಯಾಡಿಸಿದ. ಟೀಚರಮ್ಮ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಸರಿ. ಕೊನೇ ದಿನ ಎಲ್ಲರ ಎದುರು ಪೆಟ್ಟಿಗೆ ತೆಗೀತೀವಿ. ನಿನ್ನ ಹೆಸರು ಹೊಡೆಯೋದೂ ಅವತ್ತೇ. ಅಲ್ಲೀವರೆಗೆ ಆ ಎರಡು ಪೆಟ್ಟಿಗೆ ಹತ್ರ ಇಬ್ಬರೂ ಸುಳಿಯೋ ಹಾಗಿಲ್ಲ."

ಗೆದ್ದೆ ಅಂತ ಖುಷಿಪಡಬೇಕಿತ್ತು. ಮನೆಗೆ ಬಂದು ಬಚ್ಚಲಿನ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಬೈದಳು. ಬೈದಷ್ಟೂ ಅಳು ಜಾಸ್ತಿಯಾಯಿತು.

*

ಇಪ್ಪತ್ತೆಂಟನೇ ದಿನ. ತೋಟದಲ್ಲಿ ಸಂಘದ ಮೂವತ್ತು ಜನ, ಎಲ್ಲರ ತಲೆಯ ಮೇಲೂ ಬಲೆಯ ಮುಸುಕು. ಮಾವನೂ ಬಂದು ಒಂದು ಮುಸುಕು ಹಾಕಿಕೊಂಡು ನಿಂತಿದ್ದರು. ಜೇನಿನವನು ದೂರದಲ್ಲಿ, ಮರಕ್ಕೆ ಒರಗಿ ನಿಂತಿದ್ದ. ಹದಿನಾರು ದಿನದಲ್ಲಿ ಎಷ್ಟು ಸೊರಗಿದ್ದಾನೆ! ಅವಳು ಆ ಕಡೆ ನೋಡಲಿಲ್ಲ. ಅಂದರೆ, ಎರಡೇ ಸಲ ನೋಡಿದಳು.

ಮೊದಲ ಪೆಟ್ಟಿಗೆ ತೆರೆದರು. ನಾಲ್ಕು ಎರಿಯಲ್ಲೂ ತುಪ್ಪ, ಪರಾಗ, ಮರಿಗಳು. ಒಂದು ಕಣವೂ ಖಾಲಿ ಇಲ್ಲ.

ಎರಡನೇ ಪೆಟ್ಟಿಗೆ. ಅವನು ಒಳಗೆ ಏನು ಮಾಡಿಟ್ಟಿದ್ದಾನೋ! ಮೊದಲ ಎರಿ, ತುಂಬಿತ್ತು. ಎರಡನೆಯದು, ತುಂಬಿತ್ತು. ಮೂರನೆಯದನ್ನು ಎತ್ತಿದಾಗ ಜನ "ಓಹ್!" ಎಂದರು. ಮೇಣದ ಮುಚ್ಚಳ ಕಚ್ಚಿ ತೂತು ಮಾಡಿಕೊಂಡು ಒಂದು ಹೊಸ ಹುಳು ತಲೆ ಹೊರಗೆ ಹಾಕುತ್ತಿತ್ತು. ಅದರ ಪಕ್ಕ ಇನ್ನೊಂದು. ಬೂದು ಬಣ್ಣದ, ಒದ್ದೆ ಒದ್ದೆ ಮೈಯ ಮರಿಹುಳುಗಳು. ಅವಳು ಮಾಡಿದ ಕಣದಲ್ಲಿ ಹುಟ್ಟಿದವು!

ಚಪ್ಪಾಳೆ ಬಿತ್ತು. ಮಾವ ಮುಸುಕಿನೊಳಗೇ ನಗುತ್ತಿದ್ದರು.

"ಎರಿ ಪಾಸು!" ಎಂದರು ಟೀಚರಮ್ಮ. "ಇನ್ನು ಪುಸ್ತಕ ತನ್ನಿ. ಹೆಸರು ಹೊಡೆಯೋ ಕೆಲಸ ಒಂದು ಬಾಕಿ ಇದೆ."

ಅಷ್ಟರಲ್ಲಿ ಸೂಜಿಗೆ ಆ ಸಹಿ ಕಂಡಿತು.

ಚೌಕಟ್ಟಿನ ಮರದ ಮೇಲೆ, ಬಲಗಡೆ ಮೇಲ್ತುದಿಯಲ್ಲಿ ಅವಳ ಅರ್ಧ ಸಹಿ. ಉಳಿದರ್ಧ ಅದರ ಪಕ್ಕದಲ್ಲೇ ಎರಿಯ ಮೇಲೆ ಇರಬೇಕಿತ್ತಲ್ಲವೇ? ಅಲ್ಲಿ ಇರಲಿಲ್ಲ. ಹುಡುಕಿದಳು. ಎರಿಯ ಕೆಳಗಿನ ಎಡ ಮೂಲೆಯಲ್ಲಿ ಇತ್ತು... ತಲೆಕೆಳಗಾಗಿ!

ನಾಲ್ಕನೆಯದನ್ನು ಎತ್ತಿದಳು. ಅದೂ ಹಾಗೇ.

ಯಾರೋ ಎರಿಯನ್ನು ಚೌಕಟ್ಟಿನಿಂದ ಬಿಡಿಸಿ ತಿರುಗಿಸಿ ಹಾಕಿದ್ದಾರೆ. ಹಾಳು ಮಾಡಲಿಕ್ಕಾ? ಅವಳು ಕಣಗಳನ್ನು ಪಕ್ಕದಿಂದ ನೋಡಿದಳು. ಓರೆ ಮೇಲಕ್ಕಿದೆ. ಈಗ ಸರಿಯಾಗಿದೆ. ಈಗ ಸರಿಯಾಗಿದ್ದರೆ, ಅವಳು ಸಹಿ ಹಾಕಿದಾಗ...

*ಅಯ್ಯೋ... ತಲೆಕೆಳಗೆ ಹಾಕಿದ್ದು ನಾನು!*

ಬೈಯುತ್ತಾ, ಅವನ ಮುಖ ನೋಡುತ್ತಾ ತೂರಿಸಿದ ಎರಡು ಎರಿ. ಓರೆ ಕೆಳಗಾದರೆ ಮಕರಂದ ಸೋರದೆ ಏನಾಗುತ್ತದೆ? ಸೋರಿರಬೇಕು. ಪೆಟ್ಟಿಗೆಯ ತಳದಲ್ಲಿ ತೊಟ್ಟಿಕ್ಕಿದ್ದನ್ನು ಅವನು ನೋಡಿರಬೇಕು. ಅರಗು ಒಡೆದು, ತಿರುಗಿಸಿ ಹಾಕಿ, ಬಾಯಿ ಮುಚ್ಚಿಕೊಂಡಿದ್ದ. ಹೇಳಿದ್ದರೆ ಪರೀಕ್ಷೆ ಅಲ್ಲೇ ಮುಗಿಯುತ್ತಿತ್ತು, ಅಚ್ಚು ಗುಜರಿಗೆ ಹೋಗುತ್ತಿತ್ತು.

ಯಾರೂ ಗಮನಿಸಿರಲಿಲ್ಲ. ಎರಿಯನ್ನು ಮೆಲ್ಲಗೆ ಪೆಟ್ಟಿಗೆಗೆ ಇಳಿಸಿದರೆ ಆಯಿತು. ಎರಡು ವರ್ಷದ ಕೆಲಸ ಉಳಿಯುತ್ತದೆ. ಟೀಚರಮ್ಮ ಪೆನ್ನಿನ ಮುಚ್ಚಳ ತೆಗೆದಾಗಿತ್ತು.

"ನಿಲ್ಲಿಸಿ!"

ಎಲ್ಲರೂ ತಿರುಗಿದರು. ಸೂಜಿ ಎರಿಯನ್ನು ಎತ್ತಿ ಹಿಡಿದಿದ್ದಳು.

"ಈ ಎರಿ ಪಾಸಾಗಿಲ್ಲ ಟೀಚರಮ್ಮ. ನಾನು ಇವೆರಡನ್ನ ತಲೆಕೆಳಗೆ ಹಾಕಿದ್ದೆ. ನೋಡಿ, ನನ್ನ ಸಹಿನೇ ಸಾಕ್ಷಿ. ಅವರು ತಿರುಗಿಸಿ ಹಾಕಿದ್ರು. ಅದಕ್ಕೇ ಈ ಹುಳುಗಳು ಬದುಕಿರೋದು. ನಾನು ಅವರನ್ನ ಮೋಸಗಾರ ಅಂದೆ. ಅವರ ಹೆಸರು ಹೊಡೆಯೋದಾದ್ರೆ ಮೊದಲು ನನ್ನ ಎರಿ ಬಿಸಾಕಿ!"

ಯಾರೋ ಕಿಸಕ್ಕನೆ ನಕ್ಕರು. "ಮಾಡಿದೋಳಿಗೇ ತಲೆ ಯಾವ್ದು ಕಾಲು ಯಾವ್ದು ಗೊತ್ತಿಲ್ವಾ!"

ನಗು ಹಬ್ಬಿತು. ಮಾವನ ಮುಖ ಬಾಡಿತು.

"ನಗಿ! ಚೆನ್ನಾಗಿ ನಗಿ!" ಸೂಜಿಯ ದನಿ ಏರಿತು. "ಮಾಡಿದೋಳಿಗೇ ತಪ್ಪಾಯ್ತು ಅಂದ್ರೆ ಯಾರಿಗೆ ಬೇಕಾದ್ರೂ ತಪ್ಪಾಗತ್ತೆ. ಸಿಟ್ಟಲ್ಲಿರೋರಿಗೆ, ಅವಸರದಲ್ಲಿರೋರಿಗೆ, ಕಣ್ಣು ಮಂಜಾದೋರಿಗೆ. ಹುಷಾರಾಗಿ ಹಾಕಿ ಅಂತ ಹೇಳೋದಲ್ಲ, ತಪ್ಪಾಗಿ ಹಾಕೋಕೇ ಆಗಬಾರ್ದು. ಅದು ನನಗೆ ಹೊಳೀಲಿಲ್ಲ. ಇವತ್ತು ಹೊಳೀತು. ಒಂದು ಚಾಕು ಕೊಡಿ!"

ಚಾಕು ಬಂತು. ಕೈಚೀಲದಲ್ಲಿದ್ದ ಒಂದು ಹೊಸ ಎರಿಯ ಮೇಲಿನ ಮೂಲೆಯನ್ನು ಓರೆಯಾಗಿ ಕತ್ತರಿಸಿದಳು. ಖಾಲಿ ಚೌಕಟ್ಟಿನ ಅದೇ ಮೂಲೆಗೆ ಮರದ ಚೂರೊಂದನ್ನು ಮೊಳೆ ಹೊಡೆದು ಕೂರಿಸಿದಳು. ಎರಡನ್ನೂ ಟೀಚರಮ್ಮನ ಕೈಗಿಟ್ಟಳು.

"ಈಗ ತಲೆಕೆಳಗೆ ಹಾಕಿ ನೋಡೋಣ."

ಟೀಚರಮ್ಮ ಹಾಗೆ ತೂರಿಸಿದರು, ಹೀಗೆ ತೂರಿಸಿದರು, ಹಿಂದುಮುಂದು ಮಾಡಿ ತಳ್ಳಿದರು. ಹೋಗಲಿಲ್ಲ. ಸರಿಯಾದ ಕಡೆ ತಿರುಗಿಸಿದಾಗ ಸರಕ್ಕನೆ ಕೂತಿತು. ನಕ್ಕವನನ್ನೇ ಕರೆದು ಕೈಗೆ ಕೊಟ್ಟರು. "ನೀನು ಜಾಣ ಅಲ್ವಾ? ನೀನು ಹಾಕಪ್ಪ." ಅವನಿಗೂ ಆಗಲಿಲ್ಲ.

"ಅಚ್ಚಿನಲ್ಲೇ ಈ ಮೂಲೆ ಕತ್ತರಿಸ್ಕೊಂಡು ಬಾ," ಎಂದರು ಟೀಚರಮ್ಮ. "ಸಂಘದ ಅಷ್ಟೂ ಪೆಟ್ಟಿಗೆಗೆ ಇದೇ ಎರಿ. ಇನ್ನು ಇವನ ಹೆಸರು... ನನ್ನ ನಿಯಮ ಮುರಿದಿದ್ದು ತಪ್ಪೇ. ಅದಕ್ಕೆ ಒಂದು ವರ್ಷ ಸಭೆಯ ಕುರ್ಚಿ ಎಲ್ಲಾ ಇವನೇ ಜೋಡಿಸ್ಲಿ." ಪೆನ್ನಿನ ಮುಚ್ಚಳ ಹಾಕಿದರು.

ಮಾವ ಗಂಟಲು ಸರಿ ಮಾಡಿಕೊಂಡು ಮೊಬೈಲ್ ತೆಗೆದರು. "ಗುಜರಿಯವನಿಗೆ ಬರಬೇಡ ಅಂತ ಹೇಳ್ಬಿಡ್ತೀನಿ."

"ಮಾವ! ಆಗಲೇ ಹೇಳಿ ಇಟ್ಟಿದ್ರಾ?"

"ಮುಂಜಾಗ್ರತೆ ಅಮ್ಮ, ಮುಂಜಾಗ್ರತೆ..."

*

ಜನ ಚದುರಿದ ಮೇಲೆ ಅವಳು ದಡದಡನೆ ಮರದ ಹತ್ತಿರ ಹೋದಳು.

"ನಿಮಗೆ ಬುದ್ಧಿ ಇದೆಯಾ?"

ಅವನು ಬೆಚ್ಚಿದ. ಕ್ಷಮೆ ಕೇಳುತ್ತಾಳೇನೋ ಅಂದುಕೊಂಡಿದ್ದ ಪಾಪ.

"ನನ್ನ ತಪ್ಪನ್ನ ಬಚ್ಚಿಡೋಕೆ ನೀವ್ಯಾರು? ನಾಲ್ಕನೇ ದಿನಾನೇ ಹೇಳಿದ್ರೆ ಅವತ್ತೇ ಮೂಲೆ ಕತ್ತರಿಸ್ತಿದ್ದೆ!"

"ಹೇಳೋಕೇ ನಿಂತಿದ್ದೆ. ಅಷ್ಟರಲ್ಲಿ ನೀವು ಗುಜರಿ ವಿಷಯ ಹೇಳಿದ್ರಿ. ಮಾಡಿದೋಳಿಗೇ ಗೊತ್ತಿಲ್ಲ ಅಂತ ಎಲ್ಲಾ ನಗ್ತಾರೆ ಅನ್ನಿಸ್ತು. ಅವರು ನಗೋದು ನನಗೆ... ನೋಡಕ್ಕಾಗ್ತಿರ್ಲಿಲ್ಲ."

"ನಕ್ರು ತಾನೇ? ನಾನೇನು ಸತ್ತುಹೋದ್ನಾ? ಹದಿನಾರು ದಿನ ನಿಮ್ಮನ್ನ ಮೋಸಗಾರ ಅಂದ್ಕೊಂಡಿದ್ನಲ್ಲ, ಅದಕ್ಕಿಂತ ಅವರು ನಗೋದು ಕಷ್ಟನಾ? ಎಷ್ಟು ಅತ್ತಿದೀನಿ ಗೊತ್ತಾ?"

"ಇನ್ನೊಂದು ಇದೆ," ಅವನು ತಲೆ ತಗ್ಗಿಸಿದ. "ಅವತ್ತು ಸೋರೋದು ನೋಡಿದಾಗ್ಲೇ ನನಗೆ ಗೊತ್ತಾಗಿದ್ದು. ಮೊದಲ ನಾಲ್ಕರಲ್ಲಿ ಮೂರನ್ನ ನಾನೇ ತಲೆಕೆಳಗೆ ಹಾಕಿದ್ದೆ. ಆ ಕುಟುಂಬ ಹಾರಿಹೋಗಿದ್ದು ನನ್ನ ತಪ್ಪಿಂದ. ನಿಮ್ಮ ಮೇಜಿನ ಮೇಲೆ ಬಂದು ಕೂಗಾಡಿದ್ದು..."

ಅವಳು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಅಂದ್ರೆ ನನ್ನ ನಕ್ಷೆ ಹಾಳಾಗಿದ್ದು ಸುಮ್ ಸುಮ್ನೆನಾ?!"

"ಹೂಂ. ಬೈಯಿರಿ. ನೀವು ಬೈಯದೇ ಇರೋ ಸಂಜೆಗಳು ಭಾಳ ಕಷ್ಟ ಆದ್ವು. ದಿನಾ ಆ ಹೊತ್ತಿಗೆ ತೋಟದ ಬಾಗಿಲಲ್ಲಿ ಸ್ಟೂಲ್ ಒರೆಸಿ ಇಡ್ತಿದ್ದೆ, ಬರಲ್ಲ ಅಂತ ಗೊತ್ತಿದ್ರೂನೂ." ಅವನ ದನಿ ತಗ್ಗಿತು. "ಸುತ್ತಿ ಬಳಸಿ ಹೇಳೋಕೆ ನನಗೆ ಬರಲ್ಲ. ನಿಮ್ಮನ್ನ ಇಷ್ಟಪಡ್ತೀನಿ. ತುಂಬಾ."

ಸೂಜಿಗೆ ಮಾತು ಸಿಗಲಿಲ್ಲ. ಜೀವನದಲ್ಲಿ ಮೊದಲ ಸಲ!

"ನನ್ನ ತಪ್ಪನ್ನ ಇನ್ನೊಂದು ಸಲ ಬಚ್ಚಿಟ್ರೆ ನೋಡಿ," ಕೊನೆಗೆ ಹೇಳಿದಳು, ದನಿ ಒಡೆದು. "ಮುಖದ ಮೇಲೆ ಹೇಳ್ಬೇಕು. ಆಗಿಂದಾಗ್ಲೇ ಹೇಳ್ಬೇಕು."

"ಹಾಗೆ ಹೇಳ್ಬೇಕು ಅಂದ್ರೆ ಯಾವಾಗ್ಲೂ ಜೊತೆಗೇ ಇರಬೇಕಾಗತ್ತಲ್ಲ?"

"ಇರಿ... ಬೇಡ ಅಂದೋರು ಯಾರು? ನನಗೂ ನೀವೇ ಬೇಕು. ಇಷ್ಟು ಹೊತ್ತು ಯಾತಕ್ಕೆ ಬೈತಿದೀನಿ ಅಂದ್ಕೊಂಡ್ರಿ?"

ಅವನು ನಕ್ಕ. ಕಣ್ಣಲ್ಲಿ ನೀರಿತ್ತು.

"ಹಾಗಾದ್ರೆ ಶುರು ಮಾಡ್ಲಾ? ಈಗ್ಲೇ ಒಂದು ತಪ್ಪು ಮಾಡ್ತಿದೀರ."

"ಏನದು?" ಅವಳು ಸಿಡುಕಿದಳು.

"ಮುಸುಕು ಹಾಕ್ಕೊಂಡೇ ಕಣ್ಣು ಒರೆಸ್ತಿದೀರ."

ಹೌದಲ್ಲ! ಬಲೆಯ ಮೇಲಿಂದಲೇ ಉಜ್ಜುತ್ತಿದ್ದಳು. ಅವನು ಹತ್ತಿರ ಬಂದು ಎರಡೂ ಕೈಯಿಂದ ಮುಸುಕನ್ನು ಮೆಲ್ಲಗೆ ಮೇಲೆತ್ತಿದ.

"ಈಗ ಒರೆಸಿ."

"ಎತ್ತಿದ್ದು ನೀವು," ಎಂದಳು ಅವಳು. "ನೀವೇ ಒರೆಸಿ."